ಬಂಡೆಯ ಹಿಂದಿನ ಉಸಿರು

ಕಡಲ ತಳದಿಂದ ಚಿಪ್ಪು ಹೆಕ್ಕಿ ತರುವ ಆ ಹೆಂಗಸು ವಾರಕ್ಕೊಮ್ಮೆ ಬೆಳಿಗ್ಗೆ ಎದ್ದು ಮೊದಲು ಮಾಡುವ ಕೆಲಸವೆಂದರೆ, ಅದೇ ಚಿಪ್ಪುಗಳನ್ನು ಕಡಲ ತಳಕ್ಕೆ ಒಯ್ದು ಹಾಕಿ ಬರುವುದು. ದ್ವೀಪದ ಸುತ್ತ ನಿಜವಾದ ಚಿಪ್ಪು ಸಿಕ್ಕದೆ ಎಷ್ಟೋ ಕಾಲವಾಗಿದೆ. ಈಗಿನವು ಆಚೆ ದಡದ ಅಂಗಡಿಯಿಂದ ಗೋಣಿಚೀಲದಲ್ಲಿ ಬರುತ್ತವೆ. ಒಂದೊಂದರ ಬೆನ್ನಿಗೂ ಬೆಲೆಯ ಚೀಟಿ ಅಂಟಿರುತ್ತದೆ, ಅದನ್ನು ಉಗುರಿನಿಂದ ಕೆರೆದು ತೆಗೆಯುವುದೇ ದೊಡ್ಡ ತಲೆನೋವು. ಒಮ್ಮೆ ಹೇಗೋ ಒಂದು ಚೀಟಿ ಉಳಿದುಬಿಟ್ಟು, ಸಮುದ್ರದ ಆಳದಿಂದ ಆಗತಾನೆ ಬಂದ ಚಿಪ್ಪಿಗೆ ಪ್ರವಾಸಿಯೊಬ್ಬ ಚೌಕಾಸಿಗೆ ಕೂತಿದ್ದ.

ದ್ವೀಪದವರು ಆಕೆಯನ್ನು ಮುಳುಗಕ್ಕ ಎನ್ನುತ್ತಾರೆ. ಆಕೆಯ ತಾಯಿ, ತಾಯಿಯ ತಾಯಿ ಎಲ್ಲರೂ ಹೀಗೆ ಉಸಿರು ಕಟ್ಟಿ ಮುಳುಗಿಯೇ ಹೊಟ್ಟೆ ಹೊರೆದವರು. ಆಗ ಅದು ಕಸುಬು, ಈಗ ಕಾರ್ಯಕ್ರಮ. ರೆಸಾರ್ಟಿನಲ್ಲಿ ವಾರಕ್ಕೊಮ್ಮೆ ಸಂಸ್ಕೃತಿ ಮತ್ತು ಜಲಕ್ರೀಡೆಯ ದಿನ ನಡೆಯುತ್ತದೆ. ಪ್ರವಾಸಿಗರು ಒಂದಿಷ್ಟು ಹೊತ್ತು ಕುಣಿತ ನೋಡುತ್ತಾರೆ, ಒಂದಿಷ್ಟು ಹೊತ್ತು ತೆಂಗಿನ ಗರಿ ಹೆಣೆಯುತ್ತಾರೆ, ಮಿಕ್ಕ ಹೊತ್ತೆಲ್ಲ ನೀರಿಗೆ ಬಿದ್ದು ಎದ್ದು ಕಿರುಚುತ್ತಾರೆ. ನಡುವೆ ಮುಳುಗಕ್ಕ ನೀಲಿ ಅಂಚಿನ ಬಿಳಿ ಉಡುಪು ತೊಟ್ಟು, ಸೊಂಟಕ್ಕೆ ಬುಟ್ಟಿ ಕಟ್ಟಿ ನೀರಿಗಿಳಿಯುತ್ತಾಳೆ. ಮ್ಯಾನೇಜರ್ ಮೈಕ್ ಹಿಡಿದು ಒಂದು, ಎರಡು ಎಂದು ಎಣಿಕೆ ಶುರುಮಾಡುತ್ತಾನೆ, ದಡದ ಜನ ದನಿಗೂಡಿಸುತ್ತಾರೆ. ಎಣಿಕೆ ಎಷ್ಟು ಮೇಲೇರಿದರೆ ಚಪ್ಪಾಳೆ ಅಷ್ಟು ಜೋರು.

ಆದರೆ ಮುಳುಗಕ್ಕನ ಎದೆಯಲ್ಲಿ ಈಗ ಮೊದಲಿನ ಕಸುವಿಲ್ಲ. ಅದಕ್ಕೇ ಆಕೆ ಒಂದು ಉಪಾಯ ಮಾಡಿಕೊಂಡಿದ್ದಳು. ದಡದಿಂದ ಸ್ವಲ್ಪ ದೂರದಲ್ಲಿ ಒಂದು ಕರಿಬಂಡೆ ಇದೆ. ನೀರಿನಡಿಯಲ್ಲೇ ಅದರ ಹಿಂಬದಿಗೆ ಜಾರಿ, ಮೂಗು ಬಾಯಿ ಮಾತ್ರ ಮೇಲೆತ್ತಿ, ಗುಟುಕು ಗಾಳಿ ಎಳೆದುಕೊಂಡು, ಏನೂ ಆಗದವಳಂತೆ ಮರಳಿ ಬಂದು ಜನರ ಮುಂದೆ ಏಳುವುದು. ದ್ವೀಪದ ಮಕ್ಕಳಿಗೂ ಗೊತ್ತಿದ್ದ ಗುಟ್ಟು ಇದು. ಯಾರೂ ಬಾಯಿಬಿಟ್ಟಿರಲಿಲ್ಲ, ಹೊಟ್ಟೆಪಾಡು ಎಲ್ಲರದೂ ಒಂದೇ ತಾನೆ.

ಆ ಉಡುಪನ್ನು ಬಿಸಾಡಿ ಮನೆಯಲ್ಲಿ ಕೂರಬಾರದೇ ಎಂದರೆ, ಅಲ್ಲಿಯೇ ಇರುವುದು ಕತೆ. ಆಕೆಗೆ ಒಬ್ಬಳೇ ಮಗಳು, ಪುಟ್ಟಿ. ಹೆಸರಿಗೆ ಪುಟ್ಟಿ, ಎತ್ತರದಲ್ಲಿ ಅಮ್ಮನನ್ನು ಮೀರಿಸಿದವಳು. ಮುಳುಗಕ್ಕನ ತಾಯಿ ಒಂದು ದಿನ ಬಹಳ ಆಳದಿಂದ ಮೇಲೆ ಬಂದು, ಮರಳ ಮೇಲೆ ಮಲಗಿ, ಮೂಗಿನಿಂದ ರಕ್ತ ಸುರಿಸಿಕೊಂಡು ಹಾಗೆಯೇ ಹೋಗಿಬಿಟ್ಟಿದ್ದಳು. ಆ ಮರಳ ಮೇಲೆ ಕೂತೇ ಮುಳುಗಕ್ಕ ತೀರ್ಮಾನ ಮಾಡಿದ್ದು: ತನಗೆ ಹುಟ್ಟುವ ಮಗು ಮೊಣಕಾಲಿಗಿಂತ ಮೇಲೆ ನೀರು ಕಾಣಬಾರದು. ಸುತ್ತಲೂ ಕಡಲಿರುವ ದ್ವೀಪದಲ್ಲಿ ಮಗಳನ್ನು ಒಣಗಿಸಿಯೇ ಬೆಳೆಸಿದಳು. ಈಜು ಬಾರದ ಹುಡುಗಿ ಎಂದು ಊರೆಲ್ಲ ಆಡಿಕೊಂಡರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಯಾರ ಯಾರದೋ ಕೈಕಾಲು ಹಿಡಿದು ಲೈಫ್ ಜಾಕೆಟ್ ಕೊಡುವ ಕಟ್ಟೆಯಲ್ಲಿ ಅವಳಿಗೊಂದು ಕೆಲಸ ಕೊಡಿಸಿದಳು. ಬಂದವರಿಗೆ ಅಳತೆಯ ಜಾಕೆಟ್ ತೊಡಿಸಿ ಬಕಲು ಬಿಗಿಯುವುದು, ಹಿಂದಿರುಗಿದ ಮೇಲೆ ಬಿಚ್ಚಿಸಿ ಹಗ್ಗಕ್ಕೆ ನೇತು ಹಾಕುವುದು, ಅಷ್ಟೇ.

ಹಿಂದಿನ ವಾರ ಎಣಿಕೆ ಬಹಳ ಕೆಳಗೇ ನಿಂತುಹೋಗಿತ್ತು. ಮ್ಯಾನೇಜರ್ ಒಳ್ಳೆಯ ಮಾತಿನಲ್ಲೇ ಹೇಳಿದ್ದ, ಇನ್ನೊಮ್ಮೆ ಹೀಗಾದರೆ ಉಡುಪು ಪುಟ್ಟಿಗೆ ಕೊಡುತ್ತೇನೆ, ಮುಳುಗುವವರ ವಂಶದವಳು, ನೋಡಲೂ ಲಕ್ಷಣವಾಗಿದ್ದಾಳೆ ಎಂದು. ಅವಳಿಗೆ ಈಜು ಬರುವುದಿಲ್ಲ ಎಂದು ಮುಳುಗಕ್ಕ ಗೋಗರೆದಳು. ದ್ವೀಪದವರಿಗೆ ಈಜು ಬಾರದೆ ಇರುತ್ತದೆಯೇ ಎಂದು ಆತ ನಕ್ಕುಬಿಟ್ಟ. ಹಾಗಾಗಿ ಈ ಸಲ ಎಣಿಕೆ ಮೇಲೇರಲೇಬೇಕಿತ್ತು.

ರೆಸಾರ್ಟಿನ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ, ಗ್ಯಾಸ್ ಸಿಲಿಂಡರ್‌ಗಳ ಪಕ್ಕ ನಿಂತು ಆಕೆ ಉಡುಪು ತೊಟ್ಟಳು. ಮೊದಲು ಕುಣಿತ, ಆಮೇಲೆ ಬಾಳೆಹಣ್ಣಿನ ಆಕಾರದ ರಬ್ಬರ್ ದೋಣಿಯ ಆಟ, ಕೊನೆಗೆ ಮುಳುಗು ಎಂದು ಗೊತ್ತಾಗಿತ್ತು. ಕುಣಿಯುವವರ ದೋಣಿ ಆಚೆ ದಡದಲ್ಲೇ ಕೆಟ್ಟು ನಿಂತಿತು. ಜನ ಬಿಸಿಲಲ್ಲಿ ಬೇಸರಪಡುತ್ತಾರೆಂದು ಮ್ಯಾನೇಜರ್ ಮುಳುಗನ್ನೇ ಮುಂದಕ್ಕೆ ಹಾಕಿದ. ರಬ್ಬರ್ ದೋಣಿ ಎಳೆಯುವ ಸ್ಪೀಡ್ ಬೋಟಿನವನು ಆಗಲೇ ಜನರನ್ನು ಕೂರಿಸಿಕೊಂಡು ದೂರ ಹೋಗಿಯಾಗಿತ್ತು. ಅವನಿಗೆ ತಿಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಆ ಬೋಟಿನವನು ಬೇರೆ ಯಾರೂ ಅಲ್ಲ, ಮುಳುಗಕ್ಕನ ಒಡಹುಟ್ಟಿದ ತಮ್ಮ. ಅವನ ಆಟದಲ್ಲೂ ಒಂದು ಪದ್ಧತಿಯುಂಟು: ಕೊನೆಯ ಸುತ್ತಿನಲ್ಲಿ ಬೋಟನ್ನು ಗಕ್ಕನೆ ತಿರುಗಿಸಿ ರಬ್ಬರ್ ದೋಣಿಯ ಮೇಲಿರುವವರನ್ನೆಲ್ಲ ನೀರಿಗೆ ಕೆಡವಬೇಕು. ಕೆಡವದಿದ್ದರೆ ಪ್ರವಾಸಿಗರಿಗೆ ಸಮಾಧಾನವಿಲ್ಲ. ಅಂದು ಗಾಳಿ ಜೋರಿತ್ತು. ಅಲೆ ಕಡಿಮೆ ಇರುವ ಜಾಗ ನೋಡಿ ಕೆಡವೋಣವೆಂದು ಅವನು ಕರಿಬಂಡೆಯ ಹಿಂದಕ್ಕೆ ತಿರುಗಿಸಿದ. ಅಕ್ಕ ಇನ್ನೂ ಕೋಣೆಯಲ್ಲೇ ಇದ್ದಾಳೆ ಎಂಬುದು ಅವನ ಲೆಕ್ಕ.

ಮುಳುಗಕ್ಕ ಬಂಡೆಯ ಹಿಂದೆ ಮೂಗು ಮೇಲೆತ್ತುವುದಕ್ಕೂ ಸುತ್ತಲೂ ಕಿತ್ತಳೆ ಜಾಕೆಟ್ಟಿನ ಮಂದಿ ಧಬಧಬನೆ ಬೀಳುವುದಕ್ಕೂ ಸರಿಹೋಯಿತು. ಗಾಳಿಯ ಜಾಗದಲ್ಲಿ ಆಕೆಯ ಬಾಯಿಗೆ ಉಪ್ಪುನೀರು ನುಗ್ಗಿ ಕೆಮ್ಮು ಹತ್ತಿತು. ಅವರಲ್ಲೊಬ್ಬ ದಢೂತಿ ಮನುಷ್ಯ ಜಾಕೆಟ್ ಇಲ್ಲದ ಹೆಂಗಸು ಮುಳುಗಿ ಸಾಯುತ್ತಿದ್ದಾಳೆಂದು ಗಾಬರಿಯಾಗಿ, ಆಕೆಯ ಜುಟ್ಟಿಗೇ ಕೈ ಹಾಕಿದ. ಬಿಡು ಬಿಡು ಎಂದು ಆಕೆ ಒದ್ದಾಡಿದಷ್ಟೂ ಅವನ ಹಿಡಿತ ಬಿಗಿಯಾಯಿತು. ಪುಣ್ಯಾತ್ಮ ಒಂದು ಜೀವ ಉಳಿಸಿದ ಸಂತೋಷದಲ್ಲಿ ಆಕೆಯನ್ನು ರಬ್ಬರ್ ದೋಣಿಯ ಮೇಲಕ್ಕೆ ದಬ್ಬಿಯೇಬಿಟ್ಟ.

ದಡದಲ್ಲಿ ಜನ ಇನ್ನೂ ಎಣಿಸುತ್ತಲೇ ಇದ್ದರು. ಯಾರೂ ಕೇಳಿರದಷ್ಟು ಮೇಲೆ ಹೋಗಿತ್ತು ಎಣಿಕೆ. ಆಗ ಬಂಡೆಯ ಮರೆಯಿಂದ ಹಳದಿ ಬಾಳೆಹಣ್ಣಿನ ಬೆನ್ನೇರಿ, ಖಾಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ಕೆಮ್ಮುತ್ತ ಮುಳುಗಕ್ಕ ಬಂದಳು. ಎಲ್ಲರೂ ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಸ್ಕೃತಿಗೂ ಜಲಕ್ರೀಡೆಗೂ ಇವತ್ತು ಮದುವೆಯಾಯಿತು ಎಂದು ಮ್ಯಾನೇಜರ್ ಮೈಕಿನಲ್ಲಿ ಹೇಳಿ ಇನ್ನಷ್ಟು ನಗಿಸಿದ. ಅವನಿಗೆ ಸಿಟ್ಟೇನೂ ಬಂದಿರಲಿಲ್ಲ, ಅದೇ ಆಕೆಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು. ಒದ್ದೆ ಉಡುಪು ಬದಲಾಯಿಸಿಕೊಳ್ಳಿ ಅಮ್ಮ, ಊಟ ಆದ ಮೇಲೆ ಇನ್ನೊಂದು ಸಲ ಇಟ್ಟುಕೊಳ್ಳೋಣ, ಮಗಳನ್ನು ಇಳಿಸೋಣ ಎಂದು ಮೆಲ್ಲಗೆ ಹೇಳಿ ಹೋದ.

ಆಕೆ ಜಾಕೆಟ್ ಕಟ್ಟೆಗೆ ಓಡಿದಳು. ಹಗ್ಗದ ಮೇಲಿನ ಜಾಕೆಟ್ಟುಗಳಿಂದ ನೀರು ತೊಟ್ಟಿಕ್ಕುತ್ತಿತ್ತು, ಮಗಳಿರಲಿಲ್ಲ. ಸಿಕ್ಕಿದ್ದು ಅಡುಗೆಮನೆಯ ಹಿಂದಿನ ಕೋಣೆಯಲ್ಲಿ. ಕಪಾಟಿನಿಂದ ಇನ್ನೊಂದು ಬಿಳಿ ಉಡುಪು ತೆಗೆದು ತೊಟ್ಟು, ಪುಟ್ಟಿ ಸೊಂಟದ ಹಗ್ಗ ಬಿಗಿಯುತ್ತಿದ್ದಳು. ಬಾಗಿಲ ಬಳಿ ತಮ್ಮ ತಲೆ ತಗ್ಗಿಸಿ ನಿಂತಿದ್ದ. ತಪ್ಪಾಯಿತು ಎನ್ನಲು ಬಂದವನೆಂದು ಮುಳುಗಕ್ಕ ಅಂದುಕೊಂಡಳು.

ಬಿಚ್ಚು ಅದನ್ನು, ನೀನು ಮುಳುಗಿ ಸಾಯುತ್ತೀಯ ಎಂದು ಮಗಳ ರಟ್ಟೆ ಹಿಡಿದಳು. ಪುಟ್ಟಿ ಕೈ ಬಿಡಿಸಿಕೊಳ್ಳಲಿಲ್ಲ.

"ನನಗೆ ಬರುತ್ತೆ ಅಮ್ಮ," ಎಂದಳು. "ಚೆನ್ನಾಗೇ ಬರುತ್ತೆ."

ಮುಳುಗಕ್ಕ ತಮ್ಮನ ಕಡೆ ತಿರುಗಿದಳು. ಅವನು ಇನ್ನೂ ತಲೆ ಎತ್ತಿರಲಿಲ್ಲ. ಆಗ ಆಕೆಗೆ ಎಲ್ಲವೂ ತಿಳಿದುಹೋಯಿತು. ಬೆಳಿಗ್ಗೆ ತಾನು ಈಚೆ ಬದಿಯಲ್ಲಿ ಚಿಪ್ಪು ಹಾಕುವ ಹೊತ್ತಿಗೆ ಇವರಿಬ್ಬರೂ ಆಚೆ ಬದಿಯಲ್ಲಿ ನೀರಿಗಿಳಿಯುತ್ತಿದ್ದರು. ಇಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದದ್ದೆಲ್ಲ ವ್ಯರ್ಥ. ಸಿಲಿಂಡರಿನ ಮೇಲೆಯೇ ಕುಳಿತುಬಿಟ್ಟಳು.

"ನೀನು ಹೇಳಿಕೊಟ್ಯಾ?"

"ಅವಳೇ ಬಂದು ಕೇಳಿದ್ಲು ಅಕ್ಕ. ನಾನು ಹೇಳಿಕೊಡದಿದ್ರೆ ಒಬ್ಬಳೇ ಇಳಿಯೋಳು. ಇಲ್ಲಿ ಬೇರೆ ಏನಿದೆ ಹೇಳು, ಎಲ್ಲಿಗೆ ಹೋಗ್ತಾಳೆ?"

ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ದ್ವೀಪದಲ್ಲಿ ಉಳಿದಿದ್ದು ರೆಸಾರ್ಟ್ ಒಂದೇ. ಜಾಕೆಟ್ ಕಟ್ಟೆಯ ಕೆಲಸವನ್ನು ಯಾವಾಗ ಬೇಕಾದರೂ ಯಾರಿಗೆ ಬೇಕಾದರೂ ಕೊಡಬಹುದಿತ್ತು, ಮುಳುಗುವ ಕೆಲಸಕ್ಕೆ ಮಾತ್ರ ಇವರ ಮನೆಯವರೇ ಬೇಕು.

ಮಧ್ಯಾಹ್ನ ಪುಟ್ಟಿ ನೀರಿಗಿಳಿದಳು. ಮುಳುಗಕ್ಕ ಒದ್ದೆ ಉಡುಪು ಕಳಚಿ ಸೀರೆ ಉಟ್ಟು ದಡದ ತುದಿಯಲ್ಲಿ, ಪ್ರವಾಸಿಗರ ಚಪ್ಪಲಿ ರಾಶಿಯ ಪಕ್ಕ ನಿಂತಿದ್ದಳು. ಎಣಿಕೆ ಶುರುವಾಯಿತು. ಮಗಳು ಬಂಡೆಯ ಕಡೆ ಹೋಗಿ ಗಾಳಿ ತೆಗೆದುಕೊಳ್ಳಲಿ ಎಂದು ಆಕೆ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಬಂಡೆಯ ಆಸುಪಾಸಿನಲ್ಲಿ ನೀರು ಅಲುಗಲಿಲ್ಲ. ಹುಡುಗಿ ನೇರವಾಗಿ ಆಳಕ್ಕೆ ಹೋಗಿದ್ದಳು. ಜನರ ದನಿ ಮೊದಲು ಏರಿತು, ಆಮೇಲೆ ಸಣ್ಣಗಾಯಿತು. ಕೆಲವರು ಎಣಿಸುವುದನ್ನೇ ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಡದ ಮೇಲೆ ನಿಂತ ಮುಳುಗಕ್ಕ ತಾನೂ ಉಸಿರು ಬಿಡುವುದನ್ನು ಮರೆತಿದ್ದಳು. ತನ್ನ ಅಮ್ಮ ಕೂಡ ಇಷ್ಟು ಹೊತ್ತು ತಳದಲ್ಲಿ ಇದ್ದದ್ದನ್ನು ಆಕೆ ಕಂಡಿರಲಿಲ್ಲ.

ಯಾರೂ ನಿರೀಕ್ಷಿಸದ ಕಡೆ, ಬಹಳ ದೂರದಲ್ಲಿ ಪುಟ್ಟಿಯ ತಲೆ ಮೇಲೆದ್ದಿತು. ಚಪ್ಪಾಳೆಗೆ ಮೈಕಿನ ದನಿಯೇ ಮುಚ್ಚಿಹೋಯಿತು. ಇನ್ನು ಮುಂದೆ ವಾರಕ್ಕೊಮ್ಮೆ ಅಲ್ಲ, ದಿನಾ ಈ ಕಾರ್ಯಕ್ರಮ ಉಂಟು, ಇದಕ್ಕಿಂತ ಆಳದಲ್ಲಿ ಎಂದು ಮ್ಯಾನೇಜರ್ ಸಾರಿದ. ಜನ ಇನ್ನೊಮ್ಮೆ ತಟ್ಟಿದರು.

ಪುಟ್ಟಿ ಅಲೆ ತುಳಿಯುತ್ತ ನೇರ ಅಮ್ಮನ ಬಳಿಗೇ ಬಂದಳು. ತುಟಿ ನೀಲಿಗಟ್ಟಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು, ಮುಖದ ತುಂಬ ನಗು.

"ನೋಡಿದ್ಯಾ ಅಮ್ಮ?"

ಮುಳುಗಕ್ಕನಿಗೆ ಆ ಕೆನ್ನೆಗೆ ಎರಡು ಬಾರಿಸಬೇಕು ಅನಿಸಿತು, ತಬ್ಬಿಕೊಂಡು ಗೋಳೋ ಎಂದು ಅಳಬೇಕು ಅನಿಸಿತು. ನಾಳೆ ಇವಳು ಇಳಿಯುತ್ತಾಳೆ, ನಾಡಿದ್ದೂ ಇಳಿಯುತ್ತಾಳೆ, ತಡೆಯುವುದು ತನ್ನ ಕೈಯಲ್ಲಿಲ್ಲ. ಸೆರಗಿನಿಂದ ಮಗಳ ಮುಖ ಒರೆಸಿದಳು.

"ಮೇಲೆ ಬಂದ ಕೂಡಲೇ ಹಾಗೆ ಗಬಕ್ಕನೆ ಗಾಳಿ ನುಂಗಬಾರದು," ಎಂದಳು. "ಮೊದಲು ಒಳಗಿರೋದನ್ನ ನಿಧಾನಕ್ಕೆ ಬಿಡಬೇಕು. ಬಾ, ತೋರಿಸ್ತೀನಿ."

ಮಗಳ ಕೈ ಹಿಡಿದುಕೊಂಡು ತಾನೇ ಮುಂದಾಗಿ ನೀರಿಗೆ ನಡೆದಳು.