ಬುತ್ತಿ ಎತ್ತದ ಕೈ

ಒಂದು ಬೆಳಿಗ್ಗೆ ನನ್ನ ಬಲಗೈ ಮೇಲೇಳಲಿಲ್ಲ. ಆಗ ನಾನು ಮದುವೆಯಾಗಿ ಭದ್ರಾವತಿಗೆ ಬಂದು ಎರಡು ವರ್ಷವೂ ತುಂಬಿರಲಿಲ್ಲ. ಯಜಮಾನರು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. ಬುತ್ತಿಯ ಡಬ್ಬಿಯನ್ನು ನಾನೇ ಅವರ ಕೈಗೆ ಕೊಡಬೇಕು, ಅದನ್ನು ತೆಗೆದುಕೊಳ್ಳದೆ ಅವರು ಹೊಸಿಲು ದಾಟುವಂತಿಲ್ಲ. ಅದು ಅವರ ಮನೆತನದ ಪದ್ಧತಿ. ಅವತ್ತು ಡಬ್ಬಿ ಒಲೆಯ ಪಕ್ಕದಲ್ಲೇ ಉಳಿಯಿತು. ಕೈ ಹಿಂಡಿದ ಬಟ್ಟೆಯ ಹಾಗೆ ಜೋತುಬಿದ್ದಿತ್ತು.

"ಏನ್ ಮಾರಾಯ್ತಿ, ಹೊತ್ತಾಯ್ತು!" ಎಂದರು.

"ಕೈ ಬರ್ತಿಲ್ಲ" ಎಂದೆ.

ಅವರು ನಕ್ಕರು. ಹತ್ತಿರ ಬಂದು ಕೈಯನ್ನು ಚಿವುಟಿದರು. ನನಗೆ ಗೊತ್ತೇ ಆಗಲಿಲ್ಲ. ಆಮೇಲೆ ಅವರೂ ನಗಲಿಲ್ಲ.

ಅವರ ಕೆಲಸ ಊರಿನ ದೊಡ್ಡ ಕಾರ್ಖಾನೆಯಲ್ಲಲ್ಲ. ಸಾಹುಕಾರರೊಬ್ಬರ ಸಣ್ಣ ಎರಕದ ಶೆಡ್ಡಿನಲ್ಲಿ ಕರಗಿದ ಕಬ್ಬಿಣವನ್ನು ಅಚ್ಚಿಗೆ ಹೊಯ್ಯುತ್ತಿದ್ದರು. ಹಿಂದಿನ ವಾರ ಅಲ್ಲೇ ಕೆಲಸ ಮಾಡುವ, ನಮ್ಮ ಪಕ್ಕದ ಮನೆಯ ತಮಿಳಿನವರ ಕಾಲ ಮೇಲೆ ಕಬ್ಬಿಣ ಚೆಲ್ಲಿ, ಅವರನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ತಂದಿದ್ದರು. ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ಅಳಲಿಲ್ಲ, ಯಾರ ಹತ್ತಿರವೂ ಆ ಮಾತೆತ್ತಲಿಲ್ಲ. ಗಂಡ ಕೆಲಸಕ್ಕೆ ಹೊರಟಾಗ ಬೆಂಕಿಯ ಮಾತಾಡಿದರೆ ಅಪಶಕುನವಲ್ಲವೇ? ನನ್ನ ಕೈಗೂ ಆ ಗಾಡಿಗೂ ಸಂಬಂಧವಿದ್ದೀತೆಂದು ನನಗೆ ಹೊಳೆಯಲೇ ಇಲ್ಲ. ಬೇಕಾದರೆ ಆಣೆ ಮಾಡುತ್ತೇನೆ.

ಯಜಮಾನರು ನನ್ನನ್ನು ಶಿವಮೊಗ್ಗದ ಅತ್ತೆಯ ಮನೆಗೆ ಕರೆದುಕೊಂಡು ಹೋದರು. ಮಾವ ರಿಟೈರಾದ ಹೆಡ್‌ಮಾಸ್ಟರು, ದೆವ್ವ ಗಿವ್ವ ಅಂದರೆ ಉರಿದು ಬೀಳುವವರು. ಅವರು ತೋರಿಸಿದ ಡಾಕ್ಟರು ನನ್ನ ಬೆರಳಿಗೆ ಸೂಜಿ ಚುಚ್ಚಿ ನೋಡಿದರು.

"ಕೈಗೆ ಏನೂ ಆಗಿಲ್ಲ. ಇದು ಮನಸ್ಸಿಂದು. ನಮಗೇ ಗೊತ್ತಿಲ್ಲದ ಮನಸ್ಸೊಂದು ನಮ್ಮೊಳಗಿರುತ್ತೆ, ಬಾಯಿ ಹೇಳದೆ ಇರೋದನ್ನ ಅದು ಮೈಯಿಂದ ಹೇಳಿಸುತ್ತೆ ಅಂತ ಹೊರದೇಶದ ಡಾಕ್ಟರುಗಳು ಬರೀತಿದ್ದಾರೆ" ಎಂದು ಮಾವನ ಕಡೆ ತಿರುಗಿದರು. "ಇವರಿಗೆ ಏನಾದ್ರೂ ಹೆದರಿಕೆ ಇದೆಯಾ?"

"ನಮ್ಮನೇಲಿ ಇವಳಿಗೆ ಎಂಥ ಹೆದರಿಕೆ ಡಾಕ್ಟ್ರೇ?" ಎಂದು ಮಾವನೇ ಉತ್ತರ ಕೊಟ್ಟರು. ನಾನು ಪಕ್ಕದಲ್ಲೇ ಕೂತಿದ್ದೆ.

ಮನಸ್ಸು ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ಹಿಂದೆ ಕೇಳಿದ್ದೊಂದು ನೆನಪಾಯಿತು. ಈ ಮನೆಯ ಮಗಳು, ನನ್ನ ನಾದಿನಿ, ಒಮ್ಮೆ ಮಾತು ಬಿಟ್ಟು ಕೂತಿದ್ದಳಂತೆ. ಮಾವ ಆಕೆಯನ್ನು ದೂರದ ಹುಚ್ಚಾಸ್ಪತ್ರೆಗೆ ಸೇರಿಸಿದರು. ಅವಳು ತಿರುಗಿ ಬರಲಿಲ್ಲ, ಅವಳ ಟ್ರಂಕು ಮಾತ್ರ ಬಂತು. ಮನೆಗೆ ಬಂದವರೇ ಮಾವ ಅಟ್ಟದಿಂದ ಅದೇ ಟ್ರಂಕನ್ನು ಇಳಿಸಿ, ಧೂಳು ಒರೆಸತೊಡಗಿದರು. ಅದು ನನಗೇ ಎಂದು ಗೊತ್ತಾಯಿತು. ಕೂಗಿಕೊಳ್ಳೋಣವೆಂದರೆ, ಕೂಗಿದರೆ ಹುಚ್ಚೆಂದು ಖಾತ್ರಿಯಾಗುತ್ತದಲ್ಲ!

ಅತ್ತೆ ಅಡ್ಡ ಬಂದರು. "ಗಾಳಿ ಹಿಡಿದಿದ್ರೆ? ಒಂದ್ಸಲ ಕೇಳಿಸ್ತೀನಿ. ಆಮೇಲೆ ನಿಮ್ಮಿಷ್ಟ."

ಮಾರನೆಯ ಮಧ್ಯಾಹ್ನ ಹೊಳೆಯ ದಾರಿಯಲ್ಲಿದ್ದ ಅಜ್ಜಿಯೊಬ್ಬಳ ಮನೆಗೆ ಎಲ್ಲರೂ ಹೋದೆವು. ಆಕೆ ಬೇವಿನ ಸೊಪ್ಪು ಹಿಡಿದು, ಮೈಮೇಲೆ ಬಂದದ್ದನ್ನು ನೀನ್ಯಾರು, ಏನು ಬೇಕು ಎಂದು ಕೇಳುವವಳು. ಹಿರಿಯರ ಎದುರಿಗೆ ಅದು ಕೇಳಿದ್ದನ್ನು ಕೊಡಲೇಬೇಕು, ಇಲ್ಲವಾದರೆ ಜೀವ ತೆಗೆಯುತ್ತದೆ. ಹೆಂಗಸರು ಸಾಮಾನ್ಯವಾಗಿ ಸೀರೆ, ಬಳೆ, ಹೋಳಿಗೆ ಕೇಳುತ್ತಿದ್ದರು. ನಾನೂ ಹಸಿರು ಸೀರೆ ಎನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಗಾಳಿಯಾದರೆ ಸೀರೆಯಲ್ಲಿ ಮುಗಿಯುತ್ತದೆ, ಹುಚ್ಚಾದರೆ ಟ್ರಂಕು.

ಹೊಗೆ ಹಾಕಿದರು. ಅಜ್ಜಿ ಸೊಪ್ಪಿನಿಂದ ನೆತ್ತಿ ಸವರಿ, "ಏನ್ ಬೇಕು ನಿಂಗೆ? ಕೇಳು, ಕೊಡ್ತೀವಿ" ಎಂದಳು.

"ಅವರನ್ನ ಬೆಂಕಿ ಹತ್ರ ಕಳಿಸ್ಬೇಡಿ!"

ಹಾಗೆ ಕಿರುಚಿದ್ದು ಯಾರೆಂದು ನಾನೇ ತಿರುಗಿ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಯಜಮಾನರ ಮುಖ ಬಿಳಚಿಕೊಂಡಿತ್ತು. ಅಂಥ ಹೆದರಿಕೆ ನನಗೆ ಇನ್ನೆಂದೂ ಆಗಿಲ್ಲ.

ಮಾವ ನಂಬದಿದ್ದರೂ ನಾಲ್ಕು ಜನರೆದುರು ಇಲ್ಲವೆನ್ನಲಾಗಲಿಲ್ಲ. ಯಜಮಾನರು ಸಾಹುಕಾರರನ್ನು ಕಾಡಿಬೇಡಿ, ಕುಲುಮೆಯಿಂದ ದೂರ, ಅಚ್ಚಿಗೆ ಮರಳು ತುಂಬುವ ಕಡೆ ಹೋದರು. ನಾನಿನ್ನೂ ಶಿವಮೊಗ್ಗದಲ್ಲೇ ಇದ್ದೆ. ಆ ಸುದ್ದಿ ಬಂದ ದಿನ ಅನ್ನ ಬಸಿಯುವಾಗ ಪಾತ್ರೆಯ ಇನ್ನೊಂದು ಬದಿಯನ್ನು ನನ್ನ ಬಲಗೈಯೇ ಹಿಡಿದಿತ್ತು.

ಖುಷಿಪಡುವುದು ಬಿಟ್ಟು ನಾನು ಮತ್ತೆ ಹೆದರಿದೆ. ಗಾಳಿಯಾಗಿದ್ದರೆ ಹೋಗಿರುತ್ತದೆ. ಡಾಕ್ಟರು ಹೇಳಿದ ಆ ಇನ್ನೊಂದು ಮನಸ್ಸಾದರೆ ಅದು ಹೋಗುವುದಾದರೂ ಎಲ್ಲಿಗೆ? ನಾಳೆ ಮತ್ತೇನು ಕೂಗೀತು? ಎಷ್ಟೋ ವರ್ಷ, ಮಾತಾಡುವ ಮೊದಲು ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದೆ.

ಭದ್ರಾವತಿಗೆ ಹೊರಡುವ ದಿನ ಅತ್ತೆ ನನ್ನನ್ನು ಕರೆದು, ಟ್ರಂಕನ್ನು ಅಟ್ಟಕ್ಕೇರಿಸಲು ಕೈಜೋಡಿಸು ಎಂದರು. ಇಬ್ಬರೂ ಸೇರಿ ಎತ್ತಿಟ್ಟೆವು.

"ಅತ್ತೆ, ಅವತ್ತು ಮಾತಾಡಿದ್ದು ಗಾಳಿನಾ, ನಾನಾ?" ಎಂದು ಧೈರ್ಯಮಾಡಿ ಕೇಳಿಬಿಟ್ಟೆ.

"ಯಾರಾದ್ರೇನು ಮಗಾ" ಎಂದು ಅತ್ತೆ ಟ್ರಂಕಿನ ಮೇಲೆ ಕೈಯಾಡಿಸಿದರು. "ಇವಳನ್ನ ಏನ್ ಬೇಕು ಅಂತ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ."