ಘಟಸರ್ಪ ಮಜ್ಜಿಗೆ ಕೇಳಿದ ಪುಟ

ನನ್ನ ಬಳಿಯಿರುವ ದಪ್ಪ ಪುಸ್ತಕವೊಂದರ ನಡುವೆ ಮುಸುಕಿನ ಜೋಳದ ಒಣ ಸಿಪ್ಪೆಯೊಂದು ಗುರುತಿಗೆಂದು ಮಲಗಿದೆ, ಗೆಳೆಯರೇ; ಅದು ತೋರಿಸುವ ಪುಟವನ್ನು ಮಾತ್ರ ದಯವಿಟ್ಟು ನಂಬಬೇಡಿ.

ರಾಜಕುಮಾರ, ಮಾಯಾವಿ ಮುದುಕ, ಬೆಂಕಿಯುಗುಳುವ ಘಟಸರ್ಪ ಎಲ್ಲರೂ ಇರುವ ಹಳೆಯ ಕಾದಂಬರಿಯದು. ರಟ್ಟು ಹರಿದು ಹೆಸರು ಅಳಿದುಹೋದದ್ದರಿಂದ ನಮ್ಮ ಜೀರಹಳ್ಳಿ ಕಡೆ ಅದಕ್ಕೆ ‘ಸರ್ಪದ ಪುಸ್ತಕ’ವೆಂದೇ ನಾಮಕರಣವಾಗಿದೆ. ಜೋಳ ಬಿಡಿಸುವ ಕಾಲಕ್ಕೆ ನಾವು ಒಬ್ಬರಿಗೊಬ್ಬರು ಮುಯ್ಯಾಳಾಗಿ ಹೋಗುತ್ತೇವೆ: ಇಂದು ನಿಮ್ಮಂಗಳ, ನಾಳೆ ನಮ್ಮದು. ಕೆಲಸಗಳ್ಳನೆಂದು ಹೆಸರಾದ ನಾನು ಮಾತ್ರ ತೆನೆ ಮುಟ್ಟುವುದಿಲ್ಲ. ಕಂಡಕಂಡವರ ದನಿ ಕದಿಯುವ ಈ ಗಂಟಲೇ ನನ್ನ ಮುಯ್ಯಿ. ನಾನು ಓದುತ್ತೇನೆ, ಅವರು ಬಿಡಿಸುತ್ತಾರೆ. ಮಾಯಾವಿಗೆ ಹಾಸನೂರು ಬಸ್ಸಿನ ಕಂಡಕ್ಟರನ ದನಿ, ಸುಂದರಾಂಗ ರಾಜಕುಮಾರನಿಗೆ ನಾಚಿಕೆಯಿಲ್ಲದೆ ನನ್ನದೇ ದನಿ, ಘಟಸರ್ಪಕ್ಕೆ ನಮ್ಮ ದೊಡ್ಡವ್ವನದು.

ಅಕ್ಷರ ಬಾರದ ದೊಡ್ಡವ್ವನಿಗೆ ಸದಾ ಹೊಟ್ಟೆಯುರಿ, ಸದಾ ಕೈಯಲ್ಲಿ ಮಜ್ಜಿಗೆ. ಒಂದು ಮಧ್ಯಾಹ್ನ ಪುಟ ಸಪ್ಪೆಯಾಗಿ ಚಿಕ್ಕಪ್ಪನ ಮಗ ಮಾದೇವ ಆಕಳಿಸಿದ್ದು ಕಂಡು, ಘಟಸರ್ಪವನ್ನು ಕುರಿ ಕಾಯುವ ಹುಡುಗಿಯ ಮುಂದೆ ತಲೆಬಾಗಿಸಿಬಿಟ್ಟೆ: “ಒಂದ್ ಲೋಟ ಮಜ್ಗೆ ಕೊಡವ್ವಾ, ನನ್ ಬೆಂಕಿ ನನ್ನೇ ಸುಡ್ತದ.” ಎಲ್ಲರೂ ನಕ್ಕರು, ದೊಡ್ಡವ್ವ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ಇದು ನಾನು ಕಟ್ಟಿದ್ದು’ ಎನ್ನುವ ಗಳಿಗೆ ಅಲ್ಲೇ ಕೈತಪ್ಪಿತು.

ಅಷ್ಟರಲ್ಲಿ ಆ ಕಥೆಯೇ ಸಿನಿಮಾ ಆಗಿ, ತಮಿಳು ಮಾತಾಡಿಕೊಂಡು ನಮ್ಮ ಬೆಟ್ಟದ ಕೆಳಗಿನ ಸತ್ಯಮಂಗಲಕ್ಕೆ ಬಂತು! ದಿಂಬಂ ಘಾಟಿಯ ತಿರುವು ತಿರುವಿಗೂ ಕೇಕೆ ಹಾಕುತ್ತ ಇಡೀ ಅಂಗಳವೇ ಬಸ್ಸಿನಲ್ಲಿ ಇಳಿಯಿತು. ಆಹಾ, ಪರದೆಯ ತುಂಬ ರೆಕ್ಕೆ! ನನ್ನ ಗಂಟಲು ಏಳು ಜನ್ಮವೆತ್ತಿದರೂ ಆ ಗರ್ಜನೆ ಹೊರಡದು.

ಮರುದಿನ ಬೆಳಗ್ಗೆ ಅಂಗಳ ಎರಡಾಯಿತು. ಗುಮಟಾಪುರದವರು ಹಬ್ಬದ ದಿನ ಸಗಣಿ ಎರಚಾಡುವಷ್ಟೇ ಪ್ರೀತಿಯಿಂದ ಅಭಿಪ್ರಾಯಗಳು ಹಾರಿದವು. ಮಾದೇವ ಸಿನಿಮಾದ ಪಕ್ಷ. “ನೀನು ಮೂರ್ ದಿನ ಓದಿ ರಾಜ್ಕುಮಾರನ್ನ ಅತ್ಸಿದ್ ಬೆಟ್ಟವ ಅವ್ರು ಮೂರೇ ನಿಮ್ಸಕ್ಕೆ ಅತ್ಸುಬುಟ್ರು ಕಣ್ಲಾ!”

“ಅತ್ಸುದ್ರು ಸರಿ, ಮಜ್ಗೆ ಯಾಕ್ಲಾ ಬುಟ್ಬುಟ್ರು?” ದೊಡ್ಡವ್ವ ತೆನೆಯನ್ನೇ ಗದೆಯಂತೆತ್ತಿದಳು. “ಪುಸ್ತಕದ ಜೀವ್ವೇ ಅದು. ಒಟ್ಟೆ ಉರಿ ಅಂದ್ರೇನು ಗೊತ್ತಿಲ್ದೋನು ಸಿನ್ಮಾ ಯಾಕ್ ತಗೀಬೇಕು?”

“ಪುಸ್ತಕದಲ್ಲಿದ್ರೆ ತಾನೇ ಅವ್ರು ತೋರ್ಸೋದು? ತಗ್ದು ನೋಡ್ಬುಡವ. ಇಲ್ದಿದ್ರೆ ನಾಳೆಯಿಂದ ಇವ್ನೂ ತೆನೆ ಬುಡುಸ್ಲಿ!” ಎಂದ ಮಾದೇವ.

ಪುಸ್ತಕ ನಮ್ಮ ಅತ್ತೆಯ ಮಗಳು ಗೌರಿಯ ಕೈಸೇರಿತು. ನನ್ನ ಬಿಟ್ಟರೆ ಅದನ್ನು ಪೂರ್ತಿ ಓದಿದವಳು ಅವಳೊಬ್ಬಳೇ. ಒಂದು ಅಲ್ಪವಿರಾಮ ಕೈಬಿಟ್ಟರೂ ಸಿನಿಮಾದವರನ್ನು ಕ್ಷಮಿಸದ ಪುಸ್ತಕಭಕ್ತೆ. ನನ್ನೆದೆಯೊಳಗೆ ಯಾರೋ ಜೋಳ ಹುರಿಯತೊಡಗಿದರು. ಬೆರಳಿಗೆ ಬೊಬ್ಬೆ ಬರುವುದಿರಲಿ, ಅಂದು ಕಣ್ಣೊರೆಸಿಕೊಂಡ ಆ ಮುಖವನ್ನು ಹೇಗೆ ನೋಡಲಿ?

ಗೌರಿ ಪುಟ ತಿರುವಿದಳು. ಒಂದು ಪುಟದಲ್ಲಿ ಬೆರಳು ನಿಲ್ಲಿಸಿದಳು. ನನ್ನತ್ತ ನೋಡಿದಳು. ಆಮೇಲೆ ನನ್ನಂತೆಯೇ ಕತ್ತು ಓರೆಮಾಡಿ, ನನ್ನಂತೆಯೇ ಮೂಗರಳಿಸಿ (ಅಯ್ಯೋ, ನಾನು ಓದುವಾಗ ಇಷ್ಟು ಕೆಟ್ಟದಾಗಿ ಕಾಣುತ್ತೇನೆಯೇ!) ಘಟಸರ್ಪದ ಮಜ್ಜಿಗೆಯನ್ನು ಪುಟ ನೋಡಿಕೊಂಡೇ ಓದಿದಳು. ಉಪ್ಪು, ಕೊತ್ತಂಬರಿ ಅವಳದೇ ಸೇರ್ಪಡೆ. ಅಂಗಳ ಬಿದ್ದುಬಿದ್ದು ನಕ್ಕಿತು. “ನೋಡ್ಲಾ, ಅಚ್ಚಲ್ಲೇ ಅದ!” ಎಂದಳು ದೊಡ್ಡವ್ವ, ಗೆದ್ದ ರಾಣಿಯ ಗತ್ತಿನಲ್ಲಿ.

ಜೋಳದ ಸಿಪ್ಪೆಯೊಂದನ್ನು ಆ ಪುಟಕ್ಕಿಟ್ಟು ಪುಸ್ತಕ ಮರಳಿಸುವಾಗ ಗೌರಿ ಪಿಸುಗುಟ್ಟಿದಳು: “ಬಾವ, ನಾಳೆ ನಮ್ಮನೆ ತೆನೆ ಪೂರಾ ನೀನೇ ಬುಡುಸ್ಬೇಕು.”

ಬಿಡಿಸಿದೆ. ಬೊಬ್ಬೆಯೂ ಬಂತು. ಮೂರೇ ನಿಮಿಷಕ್ಕೆ ಬೆಟ್ಟ ಹತ್ತಿಸಿದ ಆ ಸಿನಿಮಾದವನ ಮೇಲೆ ನನಗಿದ್ದ ಹೊಟ್ಟೆಕಿಚ್ಚೆಲ್ಲ ಆ ಕಾಳುಗಳ ಜೊತೆಗೇ ಉದುರಿಹೋಯಿತು; ಪಾಪ, ಅವನ ಅಂಗಳದಲ್ಲಿ ಯಾವ ಮಾದೇವ ಬೇಸತ್ತು ಆಕಳಿಸುತ್ತಿದ್ದನೋ!

ಸಿಪ್ಪೆ ಇನ್ನೂ ಅಲ್ಲೇ ಇದೆ. ಆ ಪುಟದಲ್ಲಿ ರಾಜಕುಮಾರ ಕತ್ತಿ ಒರೆಸುತ್ತಿದ್ದಾನೆ, ಅಷ್ಟೇ. ಆದರೂ ದೊಡ್ಡವ್ವ ಅಲ್ಲಿಂದಲೇ ಶುರುಮಾಡು ಎನ್ನುತ್ತಾಳೆ. ನಾನೂ ಕಣ್ಣನ್ನು ಅಚ್ಚಿನ ಮೇಲೆ ನೆಟ್ಟು, ಅವಳದೇ ದನಿಯಲ್ಲಿ, ಅವಳನ್ನೇ ಒಂದು ಲೋಟ ಮಜ್ಜಿಗೆ ಕೇಳುತ್ತೇನೆ.