ಧನಿಗಳ ಮೇಜು

ಎರ್ನಾಕುಳಂ ಹತ್ತಿರದ ಆಲುವದ ಬಾರುಗಳ ಇತಿಹಾಸವನ್ನು ಯಾರಾದರೂ ಬರೆಯುವುದಾದರೆ ರತ್ನಾಕರನ ಕೆಮ್ಮಿಗೆ ಒಂದು ಅಧ್ಯಾಯ ಮೀಸಲಿಡಬೇಕು. ಹಿಂದೆ ವೀರರು ಶಂಖ ಊದಿದರೆ ಶತ್ರುಗಳ ಎದೆ ನಡುಗುತ್ತಿತ್ತಂತೆ. ಸಪ್ಲಯರ್ ರತ್ನಾಕರ ಬಿಲ್ಲಿನ ತಟ್ಟೆ ಇಟ್ಟು, ತುಸು ಹಿಂದೆ ಸರಿದು, ಗಂಟಲಲ್ಲೇ ಸಣ್ಣಗೆ ಕೆಮ್ಮಿದರೆ ಗಿರಾಕಿಗಳ ಕಿಸೆ ನಡುಗುತ್ತಿತ್ತು. ಚಿಲ್ಲರೆ ಬಾಚಿಕೊಂಡು ಎದ್ದವರು ಮತ್ತೆ ಕೂತದ್ದುಂಟು. ಗೊಬ್ಬರದ ವ್ಯಾಪಾರದ ಮಹಾಜಿಪುಣನೊಬ್ಬ ಬಾಗಿಲು ದಾಟಿದ ಮೇಲೆ ಆ ಕೆಮ್ಮು ಬೆನ್ನಿಗೆ ತಗುಲಿ, ಮರಳಿ ಬಂದು ತಟ್ಟೆಗೆ ನೋಟು ಹಾಕಿ ಕ್ಷಮೆ ಕೇಳಿದನೆಂದು ಪ್ರತೀತಿ. ಕಾಸರಗೋಡಿನಿಂದ ಸರ್ಕಾರಿ ಕೆಲಸಕ್ಕೆ ಬಂದ ನಾನೂ ಗಾಯಾಳುಗಳಲ್ಲೊಬ್ಬ.

ನಮ್ಮ ವೀರ ಕುಂಬಳೆಯವನು. ಏಲೂರಿನ ಕ್ಯಾಂಟೀನೊಂದರಲ್ಲಿ ಲೋಟ ತೊಳೆಯುತ್ತ ಶುರುಮಾಡಿ, ನಲ್ವತ್ತರ ಹೊತ್ತಿಗೆ ಆಲುವ ಸ್ಟೇಷನ್ನಿನ ಹತ್ತಿರದ ಬಾರಿನಲ್ಲಿ ಹಿರಿಯ ಸಪ್ಲಯರ್ ಆಗಿದ್ದ. ಸಂಬಳ ಮನೆಬಾಡಿಗೆಗೆ ಮುಗಿಯುತ್ತಿತ್ತು. ಅಕ್ಕಿ, ಮೀನು, ಮಗಳ ಶಾಲೆಯ ವ್ಯಾನು ಎಲ್ಲ ನಡೆಯುತ್ತಿದ್ದದ್ದು ಟಿಪ್ಪಿನಿಂದ.

2005ರಲ್ಲಿ ಬಾರು ಕೈಬದಲಾಯಿತು. ಹೊಸ ಧನಿಗಳು ಯಜ್ಞನಾರಾಯಣರು, ಬದಿಯಡ್ಕ ಕಡೆಯವರು. ಸಂಜೆಯಾದರೆ ಸಾಕು, ಮೂಲೆಯ ದೊಡ್ಡ ಮೇಜಿನಲ್ಲಿ ಅವರ ದರ್ಬಾರು. ಸುತ್ತ ಅಂಬಲಮುಗಳಿನ ಕಂಟ್ರಾಕ್ಟರರು, ನಡುವೆ ನಿಂಬೆ ಸೋಡಾ ಹಿಡಿದ ಧನಿಗಳು. ಬಡಿಸಲು ನಮ್ಮ ಕಾಸರಗೋಡು ಕಡೆಯವನೇ ಆಗಬೇಕೆಂದು ರತ್ನಾಕರನನ್ನು ಆರಿಸಿದರು. ಆ ಮೇಜಿಗೆ ನಿಂತವನಿಗೆ ಬೇರೆ ಮೇಜಿಲ್ಲ ಎಂಬುದು ಬಾರಿನ ರೂಢಿ. ಜೊತೆಯ ಸಪ್ಲಯರ್ ವಿಲ್ಸನ್ ಕೈಕುಲುಕಿದ. "ಚೇಟ್ಟಾ, ಇದಕ್ಕೆಲ್ಲ ಯೋಗ ಬೇಕು." ಹೇಳಿದವನೇ ರತ್ನಾಕರನ ಕಿಟಕಿ ಬದಿಯ ಮೇಜುಗಳನ್ನು ತನ್ನದಾಗಿಸಿಕೊಂಡ.

ಧನಿಗಳ ಮೇಜಿಗೆ ಬಿಲ್ಲಿಲ್ಲ. ಬಿಲ್ಲಿಲ್ಲದ ಮೇಲೆ ತಟ್ಟೆಯಿಲ್ಲ. ತಟ್ಟೆಯಿಲ್ಲದ ಕೆಮ್ಮು ಬರೀ ಕೆಮ್ಮು. ಆದರೂ ಮೊದಲ ದಿನ ಪ್ರಯೋಗಿಸಿ ನೋಡಿದ.

"ಕಫವಾ ಮಾರಾಯ?" ಎಂದರು ಧನಿಗಳು. "ಶುಂಠಿ ಕಷಾಯ ಕುಡಿ."

ಕಂಟ್ರಾಕ್ಟರನೊಬ್ಬ ನೋಟು ತೆಗೆದರೆ ಅವನ ಕೈಯನ್ನೇ ಹಿಡಿದುಕೊಂಡರು. "ನನ್ನ ಮನೆಗೆ ಊಟಕ್ಕೆ ಬಂದ್ರೆ ಬಡಿಸಿದವರಿಗೆ ದುಡ್ಡು ಕೊಡ್ತೀರಾ? ರತ್ನಾಕರ ನಮ್ಮವನು. ಅವನಿಗೆ ಬೇಜಾರಾಗ್ತದೆ."

ರತ್ನಾಕರನಿಗೆ ನಿಜವಾಗಿಯೂ ಬೇಜಾರಾಯಿತು.

ಮನೆಯಲ್ಲಿ ಬಂಗುಡೆ ಹೋಗಿ ಬೇಳೆ ಬಂತು. "ಧನಿಗಳಿಗೆ ನಿಮ್ಮ ಮೇಲೆ ಭಾರೀ ಪ್ರೀತಿಯಂತೆ," ಎಂದಳು ಹೆಂಡತಿ ಸುಮಿತ್ರ. "ನಾಳೆ ಸ್ವಲ್ಪ ಕಟ್ಟಿಸಿಕೊಂಡು ಬನ್ನಿ, ಸಾರಿಗೆ ಹಾಕುವ."

ಆಗ ರತ್ನಾಕರ ಕುಟಿಲನೀತಿಗೆ ಇಳಿದ. ಕೆಲಸ ಕೆಡಿಸಿದರೆ ಆ ಮೇಜಿನಿಂದ ಕಿತ್ತುಹಾಕಿಯಾರು ಎಂಬ ಆಸೆ. ಕರಿಮೀನು ಕೇಳಿದರೆ ಕಡಲೆ ತಂದ. ಧನಿಗಳ ಸೋಡಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿದ. "ಈ ಸೆಕೆಗೆ ಉಪ್ಪೇ ಒಳ್ಳೆದು. ನನ್ನ ಆರೋಗ್ಯ ನೋಡುವವ ಇವನೊಬ್ಬನೇ," ಎಂದು ಅವರು ಬೆನ್ನು ತಟ್ಟಿದರು. ಆ ಪ್ರೀತಿಯ ಕೋಟೆಗೆ ಯಾವ ದಿಕ್ಕಿನಿಂದ ಏಣಿ ಹಾಕಿದರೂ ಜಾರುತ್ತಿತ್ತು.

ಓಣಂ ಮುಗಿದ ಮೇಲೆ ಧನಿಗಳ ಭಾವ ಕೃಷ್ಣಮೂರ್ತಿಯವರು ತಿರುವನಂತಪುರದಿಂದ ಬಂದರು. ಅಲ್ಲಿ ಅವರದೂ ಒಂದು ಬಾರು. ಆ ಸಂಜೆ ನಾನು ಪಕ್ಕದ ಮೇಜಿನಲ್ಲಿದ್ದೆ. ಏಳುವಾಗ ಭಾವ ರತ್ನಾಕರನ ಕಡೆ ತಲೆ ಆಡಿಸಿ ಕೇಳಿದರು.

"ಇವನಿಗೆ ಎಂತ ಕೊಟ್ಟೆ?"

"ನನ್ನದೇ ಬಾರಲ್ವಾ ಭಾವ. ನಾನೆಂತ ಕೊಡುದು?"

"ಕುಪ್ಪಿ ನಿನ್ನದು, ಕುರ್ಚಿ ನಿನ್ನದು. ಓಡಾಡಿದ ಕಾಲು ಅವನದ್ದು ತಾನೇ? ನನ್ನ ಬಾರಿನಲ್ಲಿ ನಾನು ಕೂತ್ರೆ ಗಿರಾಕಿಗಿಂತ ಜಾಸ್ತಿ ಇಡ್ತೇನೆ. ಇಲ್ಲದಿದ್ರೆ ನಾನು ಬರುದು ಕಂಡ ಕೂಡ್ಲೆ ಎಲ್ಲರೂ ಅಡುಗೆಕೋಣೆಗೆ ಓಡ್ತಾರೆ."

ಕಂಟ್ರಾಕ್ಟರರು ನಕ್ಕರು. ಧನಿಗಳ ಮುಖ ಕೆಂಪಾಯಿತು. ಐನೂರರ ನೋಟೊಂದನ್ನು ತೆಗೆದು, ಬಾರಿಗೆಲ್ಲ ಕಾಣುವಂತೆ ಎತ್ತಿ ಹಿಡಿದು, ಮೇಜಿನ ಮೇಲಿಟ್ಟರು. ವಿಲ್ಸನ್‌ನ ಕೈಯಲ್ಲಿ ಯಾರದೋ ಆಮ್ಲೆಟ್ ತಣ್ಣಗಾಗುತ್ತಿತ್ತು.

ರತ್ನಾಕರ ಎರಡು ಬೆರಳಿನಿಂದ ನೋಟನ್ನು ವಾಪಸು ಸರಿಸಿದ. "ನನಗೆ ಬೇಡ ಧನಿಗಳೇ."

ನನಗೆ ಮೈ ಜುಮ್ಮೆಂದಿತು. ಧನಿಗಳು ಒಂದು ಕ್ಷಣ ದುರುಗುಟ್ಟಿ ನೋಡಿದರು. ಮರುಕ್ಷಣ ಅವರ ಕಣ್ಣು ತುಂಬಿತು.

"ಕಂಡ್ರಾ ಭಾವ? ನಮ್ಮವನು ಅಂತ ನಾನು ಸುಮ್ಮನೆ ಹೇಳಿದ್ದಲ್ಲ. ಇನ್ನು ಇವನಿರುವಷ್ಟು ಕಾಲ ಈ ಮೇಜಿಗೆ ಬೇರೆ ಯಾರೂ ಬರ್ಲಿಕ್ಕಿಲ್ಲ."

ನೋಟು ಕಿಸೆಗೆ ಮರಳಿತು.

ಮರುದಿನದೊಳಗೆ ಸುದ್ದಿ ಊರು ದಾಟಿ ಎರ್ನಾಕುಳಂ ತಲುಪಿತು. ನೋಟನ್ನು ಹರಿದನೆಂದು ಒಬ್ಬರು, ಮುಖಕ್ಕೆ ಎಸೆದನೆಂದು ಇನ್ನೊಬ್ಬರು. ನಮ್ಮ ಕಚೇರಿಯ ಕನ್ನಡಿಗರಂತೂ ಅವನಿಗೆ ಶಾಲು ಹೊದಿಸುವ ಮಾತಿಗೇ ಇಳಿದರು. ನಾನು ಎದೆಯುಬ್ಬಿಸಿಕೊಂಡು ಬಾರಿನ ಹಿತ್ತಿಲಿಗೆ ಹೋದೆ. ಸೋಡಾ ಕುಪ್ಪಿಗಳ ಖಾಲಿ ಕ್ರೇಟಿನ ಮೇಲೆ ಕೂತು ರತ್ನಾಕರ ಕಾಲು ತಿಕ್ಕಿಕೊಳ್ಳುತ್ತಿದ್ದ.

"ಎಂಥ ಸ್ವಾಭಿಮಾನ ಮಾರಾಯ ನಿನ್ನದು. ಆ ನೋಟನ್ನು ದೂಡುವಾಗ ಮನಸ್ಸಿನಲ್ಲಿ ಎಂತ ಇತ್ತು?"

"ಸಿಟ್ಟು ಬಂದು ಬೇರೆ ಮೇಜಿಗೆ ಹಾಕ್ತಾರೆ ಅಂತ ಗ್ರಹಿಸಿದ್ದೆ ಮಾರಾಯ್ರೆ," ಎಂದ ರತ್ನಾಕರ.